ಎದೆ ಭಾರಕ್ಕೂ ಆಪರೇಷನ್ ಇದೆ, ನಾಚಿಕೆ ಯಾಕೆ?

ಇದು ಮೈಮಾಟದ ಮಾತಲ್ಲ, ಬೆನ್ನುನೋವಿನ ಮಾತು. ಪಾಂಡವಪುರ, ಕೆ.ಆರ್. ಪೇಟೆ ಕಡೆ ಬಗ್ಗಿ ನಾಟಿ ಹಾಕುವ ಹೆಂಗಸಿಗೆ ಮಿತಿಮೀರಿ ಬೆಳೆದ ಸ್ತನವೆಂದರೆ ದಿನವಿಡೀ ಕತ್ತಿಗೆ ಕಟ್ಟಿದ ಮೂಟೆ. ಹೆಗಲಲ್ಲಿ ಒಳಉಡುಪಿನ ಪಟ್ಟಿ ಕೊರೆದ ಗೆರೆ, ಕುತ್ತಿಗೆ ಸೆಳೆತ, ಅಡಿಯಲ್ಲಿ ಬೆವರು ನಿಂತು ಹುಣ್ಣು. ಗಂಡನಿಗೂ ಹೇಳೋಲ್ಲ, ಮುಲಾಮು ಹಚ್ಚಿಕೊಂಡು ಸುಮ್ಮನಾಗ್ತಾರೆ. ಬಸ್ಸಿನಲ್ಲಿ ಹಲ್ಲು ಕಿಸಿಯುವ ಪಡ್ಡೆ ಹುಡುಗರಿಗೆ ಇದೆಲ್ಲ ಎಲ್ಲಿ ಅರ್ಥವಾದೀತು?

ಪ್ಲಾಸ್ಟಿಕ್ ಸರ್ಜನ್ ಮಾಡುವ ಆಪರೇಷನ್ ಇದು. ಹೆಸರು ಕೇಳಿ ಪ್ಲಾಸ್ಟಿಕ್ ತುಂಬ್ತಾರೆ ಅಂದುಕೊಳ್ಳಬೇಡಿ, ತುಂಬೋದಲ್ಲ, ತೆಗೆಯೋದು. ಅರಿವಳಿಕೆ ಕೊಟ್ಟು, ಹೆಚ್ಚಿನ ಕೊಬ್ಬು, ಗ್ರಂಥಿ, ಚರ್ಮ ತೆಗೆದು, ತೊಟ್ಟನ್ನು ಮೇಲಕ್ಕೆ ಕೂರಿಸಿ ಹೊಲಿಯುತ್ತಾರೆ. 2ರಿಂದ 4 ಗಂಟೆ ಕೆಲಸ. ಒಂದೊಂದು ಕಡೆ ಅರ್ಧ ಕೆಜಿ, ಕೆಲವರಿಗೆ ಕೆಜಿಗೂ ಮೀರಿ ತೆಗೆದದ್ದುಂಟು. ಗಾಯದ ಗುರುತು ಉಳಿಯುತ್ತೆ. ಮುಂದೆ ಮಗುವಿಗೆ ಹಾಲು ಕಡಿಮೆಯಾಗಬಹುದು, ಅದನ್ನು ಮೊದಲೇ ಕೇಳಿಕೊಳ್ಳಬೇಕು. ತಿಂಗಳೊಪ್ಪತ್ತು ತುಂಬಿದ ಬಿಂದಿಗೆ ಎತ್ತುವಂತಿಲ್ಲ.

ಶ್ರೀರಂಗಪಟ್ಟಣಕ್ಕೂ ಈ ವಿದ್ಯೆಗೂ ಹಳೇ ನಂಟು. 1792ರ ಯುದ್ಧದಲ್ಲಿ ಟಿಪ್ಪು ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ, ಇಂಗ್ಲಿಷರ ದಂಡಿನ ಎತ್ತು ಹೊಡೆಯುವವ ಕೋವಾಸ್‌ಜಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕೂರಿಸಿದವರು ನಮ್ಮ ದೇಶದವರೇ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆ ಅಲ್ಲಿನ ಡಾಕ್ಟರುಗಳು ಕಣ್ಣುಬಿಟ್ಟರು.

ನಾಗಮಂಗಲದವರಿಗೆ ಬೆಳ್ಳೂರು ಬಳಿಯ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಹತ್ತಿರ. ಉಳಿದವರಿಗೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ. ಮೊದಲು ಸರ್ಜರಿ ವಿಭಾಗದಲ್ಲಿ ತೋರಿಸಿ, ಪ್ಲಾಸ್ಟಿಕ್ ಸರ್ಜನ್ ಬಳಿಗೆ ಚೀಟಿ ಬರೆಸಿಕೊಳ್ಳಿ. ಕೈಗೆ ಗಂಟು ಸಿಕ್ಕರೆ, ಒಂದೇ ಕಡೆ ದಿಢೀರ್ ದಪ್ಪವಾದರೆ ಮಾತ್ರ ಅದು ಬೇರೆ ವಿಚಾರ. ಅದೇ ವಾರ ಬಸ್ಸು ಹತ್ತಿ.