ಮಳೆಗಾಲದ ಬಟ್ಟೆ ಮತ್ತು ಒಗೆಯುವ ಯಂತ್ರದ ಮುಗ್ಗಲು ವಾಸನೆ



ಪುನರ್ವಸು, ಪುಷ್ಯ ಮಳೆಗಳು ಹಿಡಿದ ಕಾಲದಲ್ಲಿ ಸಂಘದ ಕಚೇರಿಗೆ ಬರುವವರ ಮಾತು ಸಾಮಾನ್ಯವಾಗಿ ಅಡಿಕೆಯ ಕೊಳೆ, ಮೈಲುತುತ್ತದ ದರ, ಕಾಫಿ ಕಾಯಿ ಉದುರುವುದು ಇವುಗಳ ಸುತ್ತಲೇ ಇರುತ್ತದೆ. ಈ ಸಾರಿ ಮೂರು ನಾಲ್ಕು ಮಂದಿ ಬೇರೊಂದು ವಿಷಯ ಎತ್ತಿದರು. ಬಟ್ಟೆ ಒಗೆಯುವ ಯಂತ್ರ ತಂದ ಮೇಲೆ ಬಟ್ಟೆಯೆಲ್ಲ ಮುಗ್ಗಲು ನಾತ ಹೊಡೆಯುತ್ತದೆ ಎಂಬುದು ಅವರ ದೂರು. ಒಬ್ಬ ಸದಸ್ಯರ ಮಗಳು ಕಾಲೇಜಿನ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆಂದು ಅತ್ತುಕೊಂಡು ಮನೆಗೆ ಬಂದಳಂತೆ. ಇನ್ನೊಬ್ಬರು ಇಪ್ಪತ್ತೆಂಟು ಸಾವಿರ ಕೊಟ್ಟು ತಂದ ಯಂತ್ರವನ್ನು ಎರಡೇ ವರ್ಷಕ್ಕೆ ಆರು ಸಾವಿರಕ್ಕೆ ಮಾರಿ, ಮನೆಯವರನ್ನು ಮತ್ತೆ ಒಗೆಯುವ ಕಲ್ಲಿನ ಮುಂದೆ ನಿಲ್ಲಿಸಿದ್ದಾರೆ. ಇದು ನಷ್ಟವೂ ಹೌದು, ಹೆಂಗಸರಿಗೆ ಅನ್ಯಾಯವೂ ಹೌದು. ಆ ಯಂತ್ರದಲ್ಲಿ ದೋಷವೇನೂ ಇದ್ದಿರಲಾರದು ಎಂದು ನನ್ನ ನಂಬಿಕೆ. ಹೀಗೆ ಹೇಳಲು ಕಾರಣ, ಅದೇ ತಪ್ಪನ್ನು ನಾನೂ ಮಾಡಿದವನೇ.

ನಮ್ಮ ಮನೆಗೆ ಮುಂದೆ ಬಾಗಿಲಿರುವ ಯಂತ್ರ ತಂದು ನಾಲ್ಕು ವರ್ಷವಾಯಿತು. ಎರಡನೆಯ ಮಳೆಗಾಲದ ಹೊತ್ತಿಗೆ ಬಾಗಿಲು ತೆಗೆದರೆ ಹಳೆಯ ಒದ್ದೆ ಗೋಣಿಚೀಲದ ವಾಸನೆ. ನಾನು ಸೋಪಿನ ಪುಡಿಯನ್ನು ದೂರಿದೆ. ಮೂರು ಬಗೆಯ ಪುಡಿ ಬದಲಾಯಿಸಿದ್ದಾಯಿತು, ಅಳತೆ ಹೆಚ್ಚಿಸಿದ್ದಾಯಿತು, ಮೇಲೆ ಪರಿಮಳದ ದ್ರವವನ್ನೂ ಸುರಿದದ್ದಾಯಿತು. ವಾಸನೆ ಇನ್ನೂ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ನಮ್ಮ ಮನೆಯವರೇ ಒಂದು ದಿನ, “ಪಲ್ಪರ್ ಒಂದು ರಾತ್ರಿ ತೊಳೀದೆ ಬಿಟ್ರೆ ಕೆಲಸದವರನ್ನ ಅಷ್ಟು ಬಯ್ತೀರಿ, ಇದನ್ನ ತಂದಾಗಿನಿಂದ ಯಾರಾದ್ರೂ ಒಳಗೆ ತೊಳೆದಿದ್ದಾರಾ?” ಎಂದರು. ಮೂವತ್ತು ವರ್ಷದಿಂದ ಕಾಫಿ ಮಾಡುತ್ತಿರುವ ನನಗೆ ಉತ್ತರ ಹೊಳೆಯಲಿಲ್ಲ.

ಪಲ್ಪರಿನಲ್ಲಿ ಉಳಿದ ಸಿಪ್ಪೆ, ತೊಟ್ಟಿಯ ಮೂಲೆಯಲ್ಲಿ ಉಳಿದ ಲೋಳೆ ಕೊಳೆತು ಮಾರನೆಯ ದಿನದ ಒಳ್ಳೆಯ ಕಾಫಿಯನ್ನೂ ಕೆಡಿಸುತ್ತದೆ ಎಂಬುದನ್ನು ನಿಮಗೆ ಹೇಳಬೇಕಾದ್ದಿಲ್ಲ. ಒಗೆಯುವ ಯಂತ್ರದಲ್ಲಿ ನಡೆಯುವುದೂ ಅದೇ. ಮೈಯ ಜಿಡ್ಡು, ಬೆವರು, ಕರಗದೆ ಉಳಿದ ಸೋಪು, ಬಟ್ಟೆಯ ಜುಂಗು ಇವೆಲ್ಲ ಕಣ್ಣಿಗೆ ಕಾಣದ ಕಡೆ ತೆಳ್ಳನೆಯ ಲೋಳೆಯಾಗಿ ಅಂಟಿಕೊಳ್ಳುತ್ತವೆ. ಬಟ್ಟೆ ತಿರುಗುವ ತೂತಿನ ಡ್ರಮ್ಮಿನ ಹೊರಗೆ ನೀರು ನಿಲ್ಲುವ ಇನ್ನೊಂದು ತೊಟ್ಟಿ ಇರುತ್ತದೆ. ಅದು ನಮಗೆ ಕಾಣುವುದೇ ಇಲ್ಲ. ಅಲ್ಲಿಯ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳೂ ಬೂಷ್ಟೂ ಸಂಸಾರ ಹೂಡುತ್ತವೆ.

ವಾಸನೆಯ ಮೂಲವನ್ನು ಜಪಾನಿನ ವಿಜ್ಞಾನಿಗಳು ಹುಡುಕಿ 2012ರಲ್ಲಿ ಪ್ರಕಟಿಸಿದರು. ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ಉಳಿದ ಜಿಡ್ಡು ಬೆವರನ್ನು ಬಳಸಿಕೊಂಡು ಒಂದು ಬಗೆಯ ಆಮ್ಲವನ್ನು ಉಂಟುಮಾಡುತ್ತದೆ. ಒದ್ದೆ ಒರಸುಬಟ್ಟೆಯ ನಾತ ಆ ಆಮ್ಲದ್ದು. ಈ ಬ್ಯಾಕ್ಟೀರಿಯಾದ ಇನ್ನೊಂದು ಗುಣ ನಮಗೆ ಮುಖ್ಯ. ಒಣಗಿಸಿದರೂ ಇದು ಸುಲಭಕ್ಕೆ ಸಾಯುವುದಿಲ್ಲ, ಬಿಸಿಲಿನ ಕಿರಣಗಳನ್ನೂ ಬಹಳಮಟ್ಟಿಗೆ ತಾಳಿಕೊಳ್ಳುತ್ತದೆ. ಒಣಗಿ ಮಡಿಸಿಟ್ಟ ಅಂಗಿ ಬೆಳಿಗ್ಗೆ ಹಾಕಿಕೊಳ್ಳುವಾಗ ಚೆನ್ನಾಗಿದ್ದು, ತೋಟದಲ್ಲಿ ಒಂದು ಸುತ್ತು ಹಾಕಿ ಬೆವರುವಷ್ಟರಲ್ಲಿ ಮತ್ತೆ ನಾತ ಬರುವುದು ಇದರಿಂದಲೇ. “ಒಂದು ಬಿಸಿಲು ಬಿದ್ದರೆ ಎಲ್ಲ ಸರಿಹೋಗುತ್ತೆ” ಎಂದು ನವರಾತ್ರಿಯ ತನಕ ಕಾಯುವವರು ಇದನ್ನು ಗಮನಿಸಬೇಕು. ಬಿಸಿಲಿನಿಂದ ಬಟ್ಟೆ ಬೇಗ ಒಣಗುತ್ತದೆ, ಅಷ್ಟರಮಟ್ಟಿಗೆ ಉಪಕಾರ. ಬೇರು ಕೀಳಲು ಬೇಕಾದದ್ದು ಬಿಸಿ ನೀರು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಿಳಿ ಬಟ್ಟೆಯನ್ನು ಸೋಡ ಹಾಕಿ ಹಂಡೆಯಲ್ಲಿ ಬೇಯಿಸುತ್ತಿದ್ದರು. ಆಗಲೂ ಆಷಾಢದ ಬಟ್ಟೆಗೆ ಬಚ್ಚಲೊಲೆಯ ಹೊಗೆಯ ವಾಸನೆ ಇರುತ್ತಿತ್ತು, ಆದರೆ ಈ ಮುಗ್ಗಲು ಇಷ್ಟಿರಲಿಲ್ಲ. ಈಗ ನಾವು ತಣ್ಣೀರಿನಲ್ಲಿ, ಕಡಿಮೆ ನೀರಿನಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಒಗೆಯುತ್ತೇವೆ, ಕರೆಂಟು ಉಳಿಯಲೆಂದು ಬಿಸಿಯ ಗುಂಡಿಯನ್ನು ಮುಟ್ಟುವುದೇ ಇಲ್ಲ. ಸೌದೆಗೆ ಬರವಿಲ್ಲದ, ದಿನವೂ ಹಂಡೆ ಕಾಯುವ ನಮ್ಮಂಥ ಮನೆಗಳಲ್ಲಿ ಬಿಸಿ ನೀರಿಲ್ಲದೆ ಬಟ್ಟೆ ನಾರುತ್ತದೆಯೆಂದರೆ ವಿಚಿತ್ರವೇ ಸರಿ.

ಸೋಪಿನ ಅಳತೆಯ ವಿಷಯ. ಅಬ್ಬಿಯಿಂದ ಬರುವ ನಮ್ಮ ನೀರು ಸಾಮಾನ್ಯವಾಗಿ ಮೆದು. ಗಡಸು ನೀರಿನ ಊರಿನವರಿಗೆ ಬೇಕಾದಷ್ಟು ಪುಡಿ ನಮಗೆ ಬೇಡ. ಹೆಚ್ಚು ಹಾಕಿದರೆ ನೊರೆ ಹೆಚ್ಚುತ್ತದೆ, ಜಾಲಿಸಿದರೂ ಹೋಗದೆ ಉಳಿದದ್ದು ಲೋಳೆಗೆ ಗೊಬ್ಬರವಾಗುತ್ತದೆ. ನಮ್ಮಲ್ಲಿ ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಮಾಡಿದ್ದೇವೆ, ಕೊಳೆ ಚೆನ್ನಾಗಿಯೇ ಹೋಗುತ್ತಿದೆ. ಬಟ್ಟೆ ಮೆತ್ತಗಾಗಿಸುವ ಪರಿಮಳದ ದ್ರವವನ್ನು ಪೂರ್ತಿ ಬಿಟ್ಟೆವು. ಅದು ಬಟ್ಟೆಗೂ ಯಂತ್ರಕ್ಕೂ ಜಿಡ್ಡಿನ ಪೊರೆ ಹಿಡಿಸುತ್ತದೆ, ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ.

ಈಗ ಯಂತ್ರ ತೊಳೆಯುವ ಕ್ರಮ. ಮುಂದೆ ಬಾಗಿಲಿರುವ ಯಂತ್ರವಾದರೆ ಮೊದಲು ಪ್ಲಗ್ಗು ಕಿತ್ತಿಡಿ. ಕೆಳಗಡೆ ಮುಂಭಾಗದಲ್ಲಿ ಸಣ್ಣದೊಂದು ಮುಚ್ಚಳ ಇರುತ್ತದೆ, ಅದರೊಳಗೆ ತಿರುಪು ಹಾಕಿ ಕೂರಿಸಿದ ಜಾಲರಿ ಇದೆ. ಇದು ಇದೆಯೆಂದೇ ಬಹಳ ಮಂದಿಗೆ ತಿಳಿಯದು. ತಟ್ಟೆಯೊಂದನ್ನು ಕೆಳಗಿಟ್ಟು ನಿಧಾನ ಬಿಚ್ಚಿ, ಏಕೆಂದರೆ ನಿಂತ ನೀರು ಸುರಿಯುತ್ತದೆ. ಅದರ ನಾತವನ್ನು ವರ್ಣಿಸುವ ಅಗತ್ಯವಿಲ್ಲ. ನಮ್ಮದರಲ್ಲಿ ಎರಡು ರೂಪಾಯಿಯ ನಾಣ್ಯ, ಅಡಿಕೆ ಸಿಪ್ಪೆಯ ನಾರು ಮತ್ತು ಮೊಳಕೆಯೊಡೆಯಲು ಸಿದ್ಧವಾಗಿದ್ದ ಒಂದು ಕಾಫಿ ಬೀಜ ಸಿಕ್ಕಿದವು. ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಳಗೆಲ್ಲ ಒರಸಿ, ಕೆಳಭಾಗವನ್ನು ಎರಡು ಸಲ ನೋಡಿ. ಸೋಪು ಹಾಕುವ ಖಾನೆಯನ್ನು ಪೂರ್ತಿ ಹೊರಗೆಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಖಾನೆ ಕೂರುವ ಗೂಡಿನ ಮೇಲ್ಛಾವಣಿಯನ್ನೂ ಮರೆಯಬೇಡಿ. ಆಮೇಲೆ ಬಟ್ಟೆ ಹಾಕದೆ, ಒಂದು ಲೋಟ ವಾಷಿಂಗ್ ಸೋಡವನ್ನು ಡ್ರಮ್ಮಿಗೇ ಸುರಿದು, ಯಂತ್ರದಲ್ಲಿರುವ ಅತಿ ಹೆಚ್ಚಿನ ಬಿಸಿಗೆ, 60 ಡಿಗ್ರಿಗೆ ಕಡಿಮೆಯಿಲ್ಲದಂತೆ, ಪೂರ್ತಿ ಒಂದು ಸುತ್ತು ಓಡಿಸಿ. ಕಪ್ಪು ಚೂರುಗಳು ಬಂದರೆ ಹೆದರಬೇಡಿ, ಮಾರನೆಯ ದಿನ ಇನ್ನೊಂದು ಸುತ್ತು ಓಡಿಸಿ. ಬಳಿಕ ತಿಂಗಳಿಗೊಮ್ಮೆ ಸಾಕು. ವಾರಕ್ಕೊಮ್ಮೆ ಸೋಡ ಸುರಿಯುವ ಉತ್ಸಾಹ ಬೇಡ, ಹಲವು ಯಂತ್ರಗಳಲ್ಲಿ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಭಾಗ ಅಲ್ಯೂಮಿನಿಯಮ್ಮಿನದು, ಸೋಡ ಅದನ್ನು ತಿನ್ನುತ್ತದೆ.

ಒಗೆತ ಮುಗಿದ ಮೇಲೆ ಬಾಗಿಲು ಮುಚ್ಚಬಾರದು. ನಾಲ್ಕು ಬೆರಳಷ್ಟು ಸಂದು ಬಿಡಿ, ಖಾನೆಯನ್ನೂ ಸ್ವಲ್ಪ ಎಳೆದಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಾಗಿಲಿಗೆ ಹಗ್ಗವೋ ಕೊಂಡಿಯೋ ಕಟ್ಟಿ, ಮಗು ಒಳಗೆ ಹೊಕ್ಕದಂತೆ ನೋಡಿಕೊಳ್ಳಿ. ಬೆಕ್ಕಿರುವ ಮನೆಯವರು ಬಟ್ಟೆ ಹಾಕುವ ಮುಂಚೆ ಒಳಗೆ ಒಮ್ಮೆ ಇಣುಕುವುದು ಒಳ್ಳೆಯದು. ನಮ್ಮ ಬೆಕ್ಕು ಅಲ್ಲಿ ಮಲಗಿದ್ದನ್ನು ನಾನೇ ಎರಡು ಸಲ ಎಬ್ಬಿಸಿದ್ದೇನೆ.

ಮೇಲಿನಿಂದ ಬಟ್ಟೆ ಹಾಕುವ ಯಂತ್ರಕ್ಕೂ ಎರಡು ತೊಟ್ಟಿಯ ಯಂತ್ರಕ್ಕೂ ಕೆಲಸ ಇನ್ನೂ ಸುಲಭ. ಕುದಿಯುವ ನೀರಿಗೆ ಅಷ್ಟೇ ಪ್ರಮಾಣದ ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿ ಆಗುತ್ತದೆ. ಆ ನೀರನ್ನು ಮೇಲಿನ ಗುರುತಿನವರೆಗೆ ತುಂಬಿ, ಸೋಡ ಹಾಕಿ ಐದು ನಿಮಿಷ ತಿರುಗಿಸಿ, ಎರಡು ಗಂಟೆ ಹಾಗೇ ಬಿಟ್ಟು, ತೇಲಿದ್ದನ್ನು ತೆಗೆದು ನೀರು ಬಿಡಿ. ಕುದಿಯುವ ನೀರನ್ನೇ ಸುರಿದು ಪ್ಲಾಸ್ಟಿಕ್ಕನ್ನು ಸೊಟ್ಟ ಮಾಡಿಕೊಳ್ಳಬೇಡಿ. ಜುಂಗು ಹಿಡಿಯುವ ಚೀಲವನ್ನು ಪ್ರತಿ ಸಲ ತೊಳೆಯಿರಿ. ನೀರು ಹೋಗುವ ಕೊಳವೆಯ ತುದಿ ಚರಂಡಿಯ ನೀರಿನಲ್ಲಿ ಮುಳುಗಿದ್ದರೆ ಅದನ್ನು ಮೇಲಕ್ಕೆತ್ತಿ ಕಟ್ಟಿ. ಕೆಲವು ಮನೆಗಳಲ್ಲಿ ವಾಸನೆ ಬರುವುದು ಯಂತ್ರದಿಂದಲ್ಲ, ಚರಂಡಿಯಿಂದ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿದಂತೆ ಓದಿಕೊಳ್ಳಿ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪುಡಿಯನ್ನೋ ಬಟ್ಟೆಗೆ ಹಾಕುವ ಬ್ಲೀಚ್ ದ್ರವವನ್ನೋ ಯಂತ್ರಕ್ಕೆ ಹಾಕಿದಾಗ, ಅದರ ಜೊತೆ ವಿನಿಗರ್, ನಿಂಬೆಹುಳಿ, ಕಕ್ಕಸು ತೊಳೆಯುವ ಆಸಿಡ್ ಯಾವುದೂ ಸೇರಬಾರದು. ಎರಡೂ ಕೂಡಿದರೆ ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಮಳೆಗಾಲದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಅಪಾಯ. “ಎರಡೂ ಒಳ್ಳೇದೇ ತಾನೇ, ಒಟ್ಟಿಗೆ ಹಾಕಿದ್ರೆ ಇನ್ನೂ ಒಳ್ಳೇದು” ಎಂದು ನನ್ನನ್ನೇ ಕೇಳಿದವರಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ನೀರಿನಲ್ಲಿ ಕಬ್ಬಿಣದ ಅಂಶವಿರುವ ಮನೆಗಳಲ್ಲಿ ಬ್ಲೀಚು ಬಟ್ಟೆಗೆ ತುಕ್ಕಿನ ಕಲೆಯನ್ನೂ ಮಾಡುತ್ತದೆ. ಸೋಡ ಮತ್ತು ಬಿಸಿ ನೀರಿನಲ್ಲಿ ಆಗುವ ಕೆಲಸಕ್ಕೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಈಗಾಗಲೇ ನಾತ ಹಿಡಿದ ಹತ್ತಿಬಟ್ಟೆ, ಟವೆಲ್ಲು, ಹೊದಿಕೆಗಳನ್ನು ಅದೇ 60 ಡಿಗ್ರಿಯ ನೀರಿನಲ್ಲಿ, ಬಕೆಟ್ಟಿಗೆ ಎರಡು ದೊಡ್ಡ ಚಮಚ ಸೋಡ ಹಾಕಿ ಒಂದು ಗಂಟೆ ನೆನೆಸಿ, ಅನಂತರ ಎಂದಿನಂತೆ ಒಗೆಯಿರಿ. ರೇಷ್ಮೆ, ಉಣ್ಣೆ, ಕಂಬಳಿ, ಬಣ್ಣ ಬಿಡುವ ಸೀರೆ ಇವುಗಳಿಗೆ ಈ ಉಪಚಾರ ಸಲ್ಲದು.

ಒಣಗಿಸುವುದೇ ಕಷ್ಟದ ಕೆಲಸ. ಗಾಳಿಯ ತೇವವೇ ಶೇಕಡಾ 90 ದಾಟಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಹಿಂಡುವ ಸುತ್ತನ್ನು ಎರಡನೆಯ ಸಲವೂ ಓಡಿಸಿ. ಜಡಿಮಳೆಯಲ್ಲಿ ಇದಕ್ಕೆ ತಗಲುವ ಕರೆಂಟು ದಂಡವಲ್ಲ. ಬಟ್ಟೆಗೂ ಬಟ್ಟೆಗೂ ಒಂದು ಗೇಣು ಬಿಟ್ಟು ಹರವಿ, ಕೆಳಗಿನಿಂದ ಫ್ಯಾನಿನ ಗಾಳಿ ಕೊಡಿ. ಮುಚ್ಚಿದ ಕೋಣೆಯಲ್ಲಿ ಬರೀ ಬಿಸಿಗಿಂತ ಚಲಿಸುವ ಗಾಳಿ ಮೇಲು. ಹೊಗೆ ಬಾರದ ಬಚ್ಚಲೊಲೆಯಾದರೆ ಮೇಲಿನ ಬಿದಿರು ಗಳವನ್ನು ಧಾರಾಳವಾಗಿ ಬಳಸಬಹುದು. ನಡುವೆ ಕರೆಂಟು ಹೋದರೆ ಒದ್ದೆ ಬಟ್ಟೆಯನ್ನು ಯಂತ್ರದಲ್ಲೇ ಬಿಟ್ಟು ಮಲಗಬೇಡಿ. ನಮ್ಮಲ್ಲಿ ಕರೆಂಟು ಎಂದು ಬರುತ್ತದೆಂದು ಹೇಳಬಲ್ಲವರು ಯಾರು? ಹೊರತೆಗೆದು ಕೈಯಲ್ಲಿ ಹಿಂಡಿ ಹರವಿಬಿಡಿ.

ಆದರೆ ಕಾಫಿ ಇಟ್ಟಿರುವ ಕೋಣೆಯಲ್ಲಿ ಮಾತ್ರ ಹರವಬೇಡಿ. ಶೇಕಡಾ 10ರ ತೇವಕ್ಕೆ ಇಳಿಸಿ ಜೋಪಾನ ಮಾಡಿದ ಪಾರ್ಚ್‌ಮೆಂಟ್ ಕಾಫಿ, ಮೇಲಿನ ಹಗ್ಗದಲ್ಲಿ ಒಣಗುವ ಬಟ್ಟೆಯ ತೇವವನ್ನೂ ಸೋಪಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಅಡಿಕೆ ಚೀಲಕ್ಕೂ ಬೂಷ್ಟು ಹಿಡಿಯಲು ಅಷ್ಟೇ ಸಾಕು. ದರ ನೋಡಿ ಮಾರೋಣವೆಂದು ಮಾಲು ಇಟ್ಟುಕೊಂಡವರು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಬೇಕು.

ಇನ್ನು ಔಷಧಿ ಹೊಡೆದ ಬಟ್ಟೆ. ಬೋರ್ಡೋ ಹೊಡೆದವರ ಅಂಗಿ ಚಡ್ಡಿಯನ್ನು, ಅದಕ್ಕಿಂತ ಹೆಚ್ಚಾಗಿ ಕೀಟನಾಶಕ ತಗಲಿದ್ದನ್ನು, ಮನೆಯ ಬಟ್ಟೆಯ ಜೊತೆ ಯಂತ್ರಕ್ಕೆ ಹಾಕಲೇಬಾರದು. ಕೈಗವಸು ಹಾಕಿಕೊಂಡು, ಬಾವಿಯಿಂದಲೂ ಅಬ್ಬಿಯಿಂದಲೂ ದೂರ, ಬೇರೆ ಬಕೆಟ್ಟಿನಲ್ಲಿ ಎರಡು ನೀರು ಜಾಲಿಸಿ ಬೇರೆಯಾಗಿಯೇ ಒಗೆಯಬೇಕು. ಕೆಲಸದವರು ಆ ಬಟ್ಟೆಯಲ್ಲೇ ಮನೆಗೆ ಹೋಗಿ, ಅಲ್ಲಿ ಮಕ್ಕಳ ಬಟ್ಟೆಯ ಜೊತೆ ನೆನೆಹಾಕದಂತೆ, ತೋಟದ ಶೆಡ್ಡಿನಲ್ಲೇ ಸೋಪು, ನೀರು, ಬದಲಿ ಬಟ್ಟೆಗೆ ವ್ಯವಸ್ಥೆ ಮಾಡಿಕೊಡುವುದು ತೋಟದವರ ಹೊಣೆ.

ವಾಷಿಂಗ್ ಸೋಡ ಸಂಘದ ಮಳಿಗೆಗೆ ಬಂದಿದೆ, ಕಿಲೋ ಪೊಟ್ಟಣಗಳಲ್ಲಿ ಸಿಗುತ್ತದೆ. ಯಂತ್ರದ ಜಾಲರಿ ಎಲ್ಲಿದೆಯೆಂದು ತಿಳಿಯದವರು ಕಚೇರಿಗೆ ಬಂದಾಗ ಯಂತ್ರದ ಜೊತೆ ಕೊಟ್ಟ ಪುಸ್ತಕವನ್ನು ತಂದರೆ ನೋಡಿ ಹೇಳಲು ಅಡ್ಡಿಯಿಲ್ಲ. ಸಂತೆಯ ದಿನ ಮಾತ್ರ ಬೇಡ.