ಆಟಿ ಮಳೆಯಲ್ಲಿ ಅಚ್ಚಿನ ಮನೆ
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮುದ್ರಕರು ಕಾಗದದ ಸುಕ್ಕನ್ನು ಓದುವ ಬಗೆ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನೇಮ, ಬ್ರಹ್ಮಕಲಶ, ಮದುವೆಗಳ ಆಮಂತ್ರಣ ಪತ್ರಿಕೆಯ ಸುಗ್ಗಿಯೂ ಅಲ್ಲಿಗೆ ಇಳಿಯುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮುದ್ರಣಾಲಯಗಳಿಗೆ ಬಿಡುವು ಸಿಗುವುದಿಲ್ಲ. ಶಾಲೆ ಶುರುವಾದ ಬೆನ್ನಿಗೆ ಅರ್ಜಿ ಫಾರಂ, ರಸೀದಿ ಪುಸ್ತಕಗಳು ಬರುತ್ತವೆ. ಸಹಕಾರಿ ಸಂಘಗಳು, ಹಾಲು ಉತ್ಪಾದಕರ ಸಂಘಗಳು ಸೆಪ್ಟೆಂಬರ್ ಒಳಗೆ ಮಹಾಸಭೆ ಮುಗಿಸಬೇಕು. ಅದಕ್ಕೂ ಮೊದಲು ವಾರ್ಷಿಕ ವರದಿ ಸದಸ್ಯರ ಕೈ ಸೇರಬೇಕು. ನಡುವೆ ಅಷ್ಟಮಿಯ ಮೊಸರುಕುಡಿಕೆ, ಚೌತಿಯ ಗಣೇಶೋತ್ಸವದ ಕರಪತ್ರ. ಹೀಗೆ ತುರ್ತಿನ ಕೆಲಸವೆಲ್ಲ ಒತ್ತಿಕೊಂಡು ಬರುವುದು ಗಾಳಿಯೇ ಒದ್ದೆಯಾಗಿರುವ ತಿಂಗಳುಗಳಲ್ಲಿ.

ಕಾಗದ ಸಿಕ್ಕಿಕೊಳ್ಳುವುದು, ಸುಕ್ಕಾಗುವುದು ಹೆಚ್ಚುವುದೂ ಆಗಲೇ. ಹೊರಗೆ ಕಾಯುವ ಗಿರಾಕಿಗೆ 'ಮೆಷಿನ್ ಕೈಕೊಟ್ಟಿದೆ' ಎಂದಷ್ಟೇ ಕಾಣುತ್ತದೆ. ಒಳಗಿರುವ ಮೆಷಿನ್‌ಮನ್ ಮೊದಲು ನೋಡುವುದು ಯಂತ್ರವನ್ನಲ್ಲ, ಕಾಗದವನ್ನು. ಕರಾವಳಿಯ ಮುದ್ರಣ ಕಸುಬಿನ ನಿಜವಾದ ವಿದ್ಯೆ ಇರುವುದು ಈ ನೋಟದಲ್ಲಿ.

ಕಾಗದ ನೀರು ಕುಡಿಯುವ ಪರಿ

ಕಾಗದವೆಂದರೆ ಸಸ್ಯದ ನಾರು. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಮುದ್ರಣಕ್ಕೆ ಹಿತವಾದ ಆರ್ದ್ರತೆ ಶೇಕಡಾ 50ರ ಆಸುಪಾಸು. ಜುಲೈಯಲ್ಲಿ ಘಟ್ಟದ ಬುಡದ ಈ ಊರುಗಳಲ್ಲಿ ಅದು ಶೇಕಡಾ 90 ದಾಟುವುದು ಅಪರೂಪವೇನಲ್ಲ.

ನಾರು ನೀರು ಕುಡಿದಾಗ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಅದರ ಹಲವು ಪಟ್ಟು ಹಿಗ್ಗುತ್ತದೆ. ಗಿರಣಿಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದನ್ನೇ ಪ್ರೆಸ್ಸಿನವರು ಗ್ರೇನ್ ಎನ್ನುತ್ತಾರೆ. ಹಾಳೆ ಹಿಗ್ಗುವುದು ಮುಖ್ಯವಾಗಿ ಗ್ರೇನ್‌ಗೆ ಅಡ್ಡವಾಗಿ. ಬಿಚ್ಚಿಟ್ಟ ರೀಮಿನಲ್ಲಿ ಗಾಳಿ ತಾಗುವುದು ಅಂಚುಗಳಿಗೆ ಮಾತ್ರ. ನಡುಭಾಗ ಒಣಗಿಯೇ ಇರುತ್ತದೆ. ಅಂಚು ಹಿಗ್ಗಿ, ನಡುಭಾಗ ಹಾಗೇ ಉಳಿದಾಗ ಹಾಳೆಯ ಅಂಚು ಹಪ್ಪಳದ ಅಂಚಿನಂತೆ ಅಲೆಅಲೆಯಾಗುತ್ತದೆ.

ಈ ಅಲೆಯೇ ಮುಂದಿನ ತೊಂದರೆಗಳ ಮೂಲ. ಆಫ್‌ಸೆಟ್ ಯಂತ್ರದಲ್ಲಿ ಗ್ರಿಪ್ಪರುಗಳು ಹಾಳೆಯ ಮುಂದಿನ ಅಂಚನ್ನು ಕಚ್ಚಿ ಎಳೆಯುತ್ತವೆ. ಬ್ಲಾಂಕೆಟ್ ಸಿಲಿಂಡರ್ ಮತ್ತು ಇಂಪ್ರೆಷನ್ ಸಿಲಿಂಡರ್ ನಡುವಿನ ಒತ್ತಡಕ್ಕೆ ಸಿಕ್ಕಿದ ಅಲೆ ಹಿಂದಕ್ಕೆ ಸರಿಯುತ್ತಾ ಹೋಗಿ, ಹಾಳೆಯ ಬಾಲದ ತುದಿಯಲ್ಲಿ ಜಾಗ ಸಾಲದೆ ಮಡಿಚಿಕೊಳ್ಳುತ್ತದೆ. ಅದೇ ಸುಕ್ಕು. ನಾಲ್ಕು ಬಣ್ಣದ ಕೆಲಸದಲ್ಲಿ ಇನ್ನೊಂದು ಸಂಕಟವಿದೆ. ಒಂದು ಬಣ್ಣ ಹೊಡೆದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಳೆ ಕೂದಲೆಳೆಯಷ್ಟು ಹಿಗ್ಗಿದರೂ ಬಣ್ಣ ಬಣ್ಣದ ಮೇಲೆ ಕೂರದೆ ರಿಜಿಸ್ಟರ್ ತಪ್ಪುತ್ತದೆ.

ಡಿಜಿಟಲ್ ಯಂತ್ರದಲ್ಲಿ ಕಾರಣ ಒಂದೇ, ದಾರಿ ಬೇರೆ. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ನೀರಿನ ಕುದಿಬಿಂದುವಿಗಿಂತ ಬಹಳ ಹೆಚ್ಚು ಬಿಸಿಯಾಗಿರುತ್ತದೆ. ಕಾಗದ ಕುಡಿದಿದ್ದ ತೇವವೆಲ್ಲ ಅಲ್ಲಿ ಕ್ಷಣದಲ್ಲಿ ಆವಿಯಾಗುತ್ತದೆ. ಹಾಳೆ ಸುರುಳಿಕಟ್ಟುತ್ತದೆ, ಸುಕ್ಕಾಗುತ್ತದೆ, ಹೊರಬರುವ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲಿ ಸಿಕ್ಕಿತು ಎಂಬುದೇ ಸುಳಿವು

ಅನುಭವಿಯಾದ ಆಪರೇಟರ್ ಸಿಕ್ಕಿಕೊಂಡ ಹಾಳೆಯನ್ನು ಅವಸರದಲ್ಲಿ ಹರಿದು ತೆಗೆಯುವುದಿಲ್ಲ. ಅದು ಎಲ್ಲಿ ನಿಂತಿದೆ ಎಂದು ಮೊದಲು ನೋಡುತ್ತಾನೆ. ಟ್ರೇಯ ಬಾಯಲ್ಲೇ ನಿಂತಿದ್ದರೆ ಕಾಗದ ಎತ್ತುವ ರಬ್ಬರ್ ರೋಲರ್ ನುಣುಪಾಗಿದೆ, ಇಲ್ಲವೇ ಅದರ ಮೇಲೆ ಕಾಗದದ ಧೂಳು ಕೂತಿದೆ. ಎರಡು ಹಾಳೆ ಒಟ್ಟಿಗೆ ಹೋಗಿದ್ದರೆ ಅವುಗಳನ್ನು ಬೇರ್ಪಡಿಸುವ ಪ್ಯಾಡ್ ಸವೆದಿರಬಹುದು, ಅಥವಾ ಕಾಗದವೇ ಒಂದಕ್ಕೊಂದು ಅಂಟಿರಬಹುದು. ಹಾಳೆ ಓರೆಯಾಗಿದ್ದರೆ ಟ್ರೇಯ ಪಕ್ಕದ ಗೈಡ್ ಸಡಿಲವಾಗಿದೆ. ನಡುವೆ ಉಬ್ಬಿದ್ದರೆ ಗೈಡ್ ಬಿಗಿಯಾಯಿತು. ಫ್ಯೂಸರ್ ದಾಟಿದ ಮೇಲೆ ಸುಕ್ಕು ಕಂಡರೆ ಅನುಮಾನ ಮೊದಲು ತೇವದ ಮೇಲೆ, ಆಮೇಲೆ ರೋಲರಿನ ಒತ್ತಡದ ಮೇಲೆ.

ಹಾಳೆಯನ್ನು ಹೊರತೆಗೆಯುವುದಕ್ಕೂ ಕ್ರಮವಿದೆ. ಸಾಧ್ಯವಾದಷ್ಟೂ ಅದು ಸಾಗುವ ದಿಕ್ಕಿಗೇ, ಎರಡೂ ಕೈಯಿಂದ, ನಿಧಾನವಾಗಿ ಎಳೆಯಬೇಕು. ಹರಿದರೆ ತುಂಡುಗಳನ್ನು ಜೋಡಿಸಿ ಹಾಳೆ ಪೂರ್ತಿಯಾಯಿತೇ ನೋಡಬೇಕು. ಒಳಗುಳಿದ ಉಗುರಗಲದ ಚೂರು ಮುಂದಿನ ಹಾಳೆಗಳನ್ನೆಲ್ಲ ತಡೆಯಬಲ್ಲದು.

ದೋಷ ಕಾಗದದ್ದೋ ಯಂತ್ರದ್ದೋ ತಿಳಿಯಲು ಸರಳ ಪರೀಕ್ಷೆಯೊಂದಿದೆ. ಹೊಸ ರೀಮ್ ಒಡೆದು ಹಾಕುವುದು. ಸುಕ್ಕು ನಿಂತರೆ ಹಳೆಯ ಕಾಗದ ತೇವ ಕುಡಿದಿತ್ತು ಎಂದರ್ಥ. ನಿಲ್ಲದೆ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಬಂದರೆ ಯಂತ್ರವನ್ನು ಬಿಚ್ಚಬೇಕು: ಆಫ್‌ಸೆಟ್‌ನಲ್ಲಾದರೆ ಗ್ರಿಪ್ಪರುಗಳ ಹಿಡಿತ ಸಮವಾಗಿದೆಯೇ, ಬ್ಲಾಂಕೆಟ್ ಸಡಿಲವಾಗಿದೆಯೇ, ಪ್ಲೇಟಿಗೆ ನೀರು ಹೆಚ್ಚಾಯಿತೇ ಎಂದು ಒಂದೊಂದಾಗಿ ನೋಡುತ್ತಾ ಹೋಗಬೇಕು.

ಮಂಗಳೂರಿನ ಕಲ್ಲಚ್ಚು, ಬ್ರೂಕ್ಲಿನ್‌ನ ಬೇಸಿಗೆ

ತೇವದ ನಾಡಿನಲ್ಲಿ ಅಕ್ಷರ ಉಳಿಸಿಕೊಳ್ಳುವ ಶ್ರಮ ಇಲ್ಲಿ ಹಳೆಯದು. ಮೂಡುಬಿದಿರೆಯ ಗುರುಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳು ಶತಮಾನಗಳ ಮಳೆಗಾಲ ದಾಟಿ ಬಂದಿವೆ. ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೇ ಅವುಗಳಿಂದ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು, ಮಳೆಗಾಲದ ನಡುವೆಯೇ, ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದ 'ಮಂಗಳೂರ ಸಮಾಚಾರ' ಹೊರಬಂತು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಅದೇ ಮಿಷನ್ನಿನ ಮುದ್ರಣಾಲಯದಲ್ಲಿ. ಕೈಯಚ್ಚಿನ ಕಾಲದ ಮುದ್ರಕರು ಶಾಯಿ ಚೆನ್ನಾಗಿ ಹಿಡಿಯಲೆಂದು ಕಾಗದವನ್ನು ಬೇಕೆಂದೇ ತೇವ ಮಾಡಿಕೊಳ್ಳುತ್ತಿದ್ದರು. ಯಂತ್ರದ ವೇಗ, ಬಣ್ಣಗಳ ಸಂಖ್ಯೆ, ಬಿಸಿ ಹೆಚ್ಚಿದ ಮೇಲೆ ಅದೇ ತೇವ ವೈರಿಯಾಯಿತು.

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಅಮೆರಿಕದ ಬ್ರೂಕ್ಲಿನ್‌ನ ಸ್ಯಾಕೆಟ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ತಪ್ಪುತ್ತಿದ್ದವು. ಪರಿಹಾರ ಹುಡುಕಿದವರು ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್. 1902ರ ಜುಲೈಯಲ್ಲಿ ಅವರು ರೂಪಿಸಿದ, ಗಾಳಿಯ ತೇವವನ್ನು ಹದಕ್ಕೆ ತರುವ ವ್ಯವಸ್ಥೆಯಿಂದಲೇ ಆಧುನಿಕ ಏರ್ ಕಂಡೀಷನಿಂಗ್ ಬೆಳೆಯಿತು. ಇಂದು ಮನೆಮನೆಯನ್ನು ತಂಪಾಗಿಸುವ ಏಸಿ ಹುಟ್ಟಿದ್ದು ಮನುಷ್ಯರ ಸುಖಕ್ಕಲ್ಲ, ಕಾಗದದ ಆರೋಗ್ಯಕ್ಕೆ.

ಮಳೆಗಾಲದ ಶಿಸ್ತು

ಏಸಿ ಇದ್ದರೂ ಇಲ್ಲದಿದ್ದರೂ ಮಳೆಗಾಲದಲ್ಲಿ ಪ್ರೆಸ್ಸನ್ನು ಕಾಯುವುದು ಶಿಸ್ತು. ಕಾಗದದ ಕಟ್ಟನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರವಿಡಬೇಕು. ಮುದ್ರಣಕ್ಕೆ ಮೊದಲು ಕಟ್ಟನ್ನು ಬಿಚ್ಚದೆಯೇ ಮೆಷಿನ್ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಒಗ್ಗಿಸಬೇಕು. ಬೇಕಾದಷ್ಟೇ ಒಡೆಯಬೇಕು, ಉಳಿದದ್ದನ್ನು ಅಂದೇ ಮೇಣದ ಹೊದಿಕೆ ಇಲ್ಲವೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ಸಂಜೆ ಮನೆಗೆ ಹೋಗುವಾಗ ಟ್ರೇಯಲ್ಲಿ ಕಾಗದ ಬಿಡಬಾರದು.

ಗ್ರೇನ್ ತಿಳಿಯಲು ಉಪಕರಣ ಬೇಕಿಲ್ಲ. ಕಾಗದದ ಚಿಕ್ಕ ಚೌಕದ ಒಂದು ಮೈಗೆ ನೀರು ಸವರಿದರೆ ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಕೊಳವೆಯ ಉದ್ದದ ದಿಕ್ಕೇ ಗ್ರೇನ್. ದಪ್ಪ ಕಾಗದವನ್ನು ಗ್ರೇನ್ ಗುಂಟ ಮಡಿಚಿದರೆ ನೇರವಾಗಿ ಮಡಿಯುತ್ತದೆ, ಅಡ್ಡಕ್ಕೆ ಮಡಿಚಿದರೆ ಒಡೆಯುತ್ತದೆ. ಆಮಂತ್ರಣದ ಮಡಿಕೆ ಬಿರಿದಿದ್ದರೆ ಅನೇಕ ವೇಳೆ ಅದು ಗ್ರೇನ್ ನೋಡದೆ ಕತ್ತರಿಸಿದ ಕೆಲಸ.

ಈ ವಿದ್ಯೆಯನ್ನು ಕೈಗೂಡಿಸಿಕೊಂಡವರ ಹೆಸರು ಅವರು ಅಚ್ಚುಹಾಕಿದ ಯಾವ ಹಾಳೆಯಲ್ಲೂ ಇರುವುದಿಲ್ಲ. ಕೊನೆಯ ಪುಟದಲ್ಲಿ ಮುದ್ರಣಾಲಯದ ಹೆಸರಿದ್ದರೆ ಅದೇ ಹೆಚ್ಚು. ಗಿರಾಕಿಗಳಾದ ನಾವು ಸಲ್ಲಿಸಬಹುದಾದ ಗೌರವ ಒಂದಿದೆ: ಮಳೆಗಾಲದಲ್ಲಿ ಕೆಲಸವನ್ನು ಕೊನೆಯ ದಿನಕ್ಕೆ ಒಯ್ಯದಿರುವುದು. ವರದಿಯ ಕರಡನ್ನು ವಾರ ಮೊದಲೇ ಕೊಟ್ಟರೆ ಕಾಗದ ಹವೆಗೆ ಒಗ್ಗುತ್ತದೆ, ಶಾಯಿ ಒಣಗುತ್ತದೆ, ಎರಡನೇ ಮೈ ಹೊಡೆಯುವ ಮುನ್ನ ಹಾಳೆ ವಿಶ್ರಮಿಸುತ್ತದೆ. ಯಾವ ಕಾಗದ ಬೇಕೆಂದು ನಾವೇ ಹಟ ಹಿಡಿಯುವ ಬದಲು, ಈ ಹವೆಗೆ ಯಾವುದು ಒಗ್ಗೀತು ಎಂದು ಮೆಷಿನ್‌ಮನ್‌ನನ್ನು ಕೇಳಿ. ಆ ಉತ್ತರದ ಹಿಂದೆ ಎಷ್ಟೋ ಮಳೆಗಾಲಗಳ ಪಾಠವಿದೆ. ಆ ಪಾಠ ಕಿರಿಯರ ಕೈಗೂ ದಾಟಬೇಕಾದರೆ, ಕೇಳುವವರು ಇರಬೇಕು.