ನಮ್ಮ ಜಿಲ್ಲೆಯ ತಂಬೂರಿ

ಜತ್ತ ತಾಲೂಕಿನ ಕನ್ನಡ ಮನೆಗಳಿಗೆ ತಂತಿಯ ನಾದವು ಹೊಸದಲ್ಲ. ಏಕತಾರಿಯ ಮೇಲೆ ತತ್ತ್ವಪದಗಳನ್ನು ಕೇಳುತ್ತ ಬೆಳೆದವರಿಗೆ ಶ್ರುತಿಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಹಿಂದುಸ್ತಾನಿ ಗಾಯಕರ ಬೆನ್ನ ಹಿಂದೆ ಮಿಡಿಯುವ ದೊಡ್ಡ ತಂಬೂರಿಗೆ ನಮ್ಮ ಜಿಲ್ಲೆಯ ಮಿರಜವೇ ತವರೂರೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು?

ಮಿರಜದ ಈ ಕಸಬಿಗೆ ಸುಮಾರು ಒಂದೂಮುಕ್ಕಾಲು ಶತಮಾನದ ಇತಿಹಾಸವುಂಟು. ಶಿಕಲಗಾರರು ಮೂಲತಃ ಕತ್ತಿ-ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ರಾಜ್ಯಗಳಳಿದು ಆಯುಧಗಳಿಗೆ ಬೇಡಿಕೆ ತಗ್ಗಿದಾಗ, ೧೯ನೆಯ ಶತಮಾನದ ನಡುವಿನಲ್ಲಿ, ಅವರಲ್ಲೊಬ್ಬರಾದ ಫರೀದಸಾಹೇಬರು ವಾದ್ಯಗಳ ದುರಸ್ತಿಗೆ ಕೈಹಾಕಿ, ಕ್ರಮೇಣ ಸಿತಾರ-ತಂಬೂರಿಗಳನ್ನೇ ನಿರ್ಮಿಸತೊಡಗಿದರು. ಪಟವರ್ಧನ ಸಂಸ್ಥಾನಿಕರ ಸಂಗೀತಪ್ರೇಮವು ಈ ವಿದ್ಯೆಗೆ ನೀರೆರೆಯಿತು. ಕೊಲ್ಲುವ ಆಯುಧವನ್ನು ಹರಿತಗೊಳಿಸಿದ ಮನೆತನದ ಕೈಗಳೇ ನಾದಕ್ಕೆ ನಯವಿತ್ತವು.

ತಂಬೂರಿಯ ಹೊಟ್ಟೆಯು ಒಣಗಿದ ಸೋರೆಯ ಬುರುಡೆ. ಇದು ಅಡಿಗೆಗೆ ಬಾರದ ಕಹಿ ಜಾತಿ. ಪಂಢರಪುರದ ಸುತ್ತಿನ ಭೀಮಾತೀರದ ಹೊಲಗಳಿಂದ ಇದು ಮಿರಜಕ್ಕೆ ಬರುತ್ತದೆ. ದಂಡಿಯನ್ನೂ ಮುಖದ ಹಲಗೆಯನ್ನೂ ಕಟ್ಟಿಗೆಯಲ್ಲಿ ಕಡೆದು ಕೂಡಿಸುತ್ತಾರೆ. ನಾಲ್ಕು ತಂತಿಗಳಲ್ಲಿ ಸಾಮಾನ್ಯವಾಗಿ ಒಂದು ಪಂಚಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಖರ್ಜಕ್ಕೆ.

ಆದರೆ ವಾದ್ಯದ ಜೀವವಿರುವುದು ಕುದುರೆಯಲ್ಲಿ. ನಮ್ಮ ಕಡೆ ಜವಾರಿಯೆಂದರೆ ಊರ ತಳಿ. ಇವರ ಮಾತಿನಲ್ಲಿ ಜವಾರಿಯೆಂದರೆ ಕುದುರೆಯ ಬೆನ್ನನ್ನು ತುಸು ಬಾಗಿರುವಂತೆ ಉಜ್ಜಿ ನಯಗೊಳಿಸುವ ಕಲೆ. ತಂತಿಯ ಕೆಳಗೆ ನೂಲಿನ ಒಂದೆಳೆಯನ್ನು ಸರಿಯಾದ ಸ್ಥಳದಲ್ಲಿ ಸೇರಿಸಿದೊಡನೆ ನಾದವು ಅರಳುತ್ತದೆ. ಯಾವ ತಂತಿಗೂ ಶ್ರುತಿಮಾಡದ ಗಾಂಧಾರವು ಆಗ ಖರ್ಜದೊಳಗಿಂದ ತಾನಾಗಿ ಕೇಳಿಬರುತ್ತದೆ. ಇದನ್ನು ಅಳತೆಪಟ್ಟಿ ಕಲಿಸದು, ವರುಷಗಳ ಕಾಲ ಪಳಗಿದ ಕಿವಿಯೇ ಕಲಿಸಬೇಕು.

ಮಿರಜದಲ್ಲಿ ನೆಲೆಸಿ, ೧೯೩೭ರಲ್ಲಿ ತೀರಿಕೊಂಡ ಅಬ್ದುಲ್ ಕರೀಮಖಾನರ ಸಮಾಧಿಯು ಅಲ್ಲಿಯೇ ಇದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಇವರ ಶಿಷ್ಯರು ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ. ನಾದಕ್ಕೆ ಗಡಿಯ ಕಲ್ಲುಗಳು ಅಡ್ಡಬರಲಿಲ್ಲ.

೨೦೨೪ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿಗೆ ರಕ್ಷಣೆ ದೊರೆತುದು ಸಂತೋಷವೇ. ಆದರೆ ವಿದ್ಯುತ್ ತಂಬೂರಿಯೂ ಕಿಸೆಯ ಫೋನೂ ಶ್ರುತಿ ನೀಡುವ ಈ ಕಾಲದಲ್ಲಿ ಕೊಳ್ಳುವವರಿಲ್ಲದಿದ್ದರೆ ಬುರುಡೆ ಬೆಳೆಯುವ ರೈತನೂ ಉಳಿಯನು, ಜವಾರಿ ತೆಗೆಯುವ ಕೈಯೂ ಉಳಿಯದು.

ವಾಚಕ ಬಂಧುಗಳೇ, ನಿಮ್ಮ ಮನೆಯ ಗೋಡೆಯ ಮೇಲೆ ಹಿರಿಯರ ತಂಬೂರಿಯೊಂದು ಮೂಕವಾಗಿ ತೂಗುತ್ತಿದ್ದರೆ ಅದನ್ನು ಅಟ್ಟಕ್ಕೆ ಸೇರಿಸಬೇಡಿರಿ. ಒಮ್ಮೆ ಮಿರಜಕ್ಕೆ ಒಯ್ದು ಜವಾರಿ ತೆಗೆಯಿಸಿರಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ. ಮೂಕ ಬುರುಡೆಯು ಮಾತನಾಡುವುದನ್ನು ಅವರು ಕಣ್ಣಾರೆ ಕಾಣಲಿ, ಕಿವಿಯಾರೆ ಕೇಳಲಿ.